ಕೈಗುಣವಿಲ್ಲದವಳ ಸಾಬೂನು

ಸಾಬೂನನ್ನು ನೆಕ್ಕಿ ನೋಡುವುದೂ ನನ್ನ ಕೆಲಸ. ಹೇಳಿದರೆ ಜನ ನಗುತ್ತಾರೆ, ನಗಲಿ. ಕಾಸ್ಟಿಕ್ ಸೋಡಾ ಹಾಕಿ ಮಾಡಿದ ಸಾಬೂನು ಮೈಗೆ ಹಚ್ಚಲು ಯೋಗ್ಯವೋ ಅಲ್ಲವೋ ಎಂಬುದನ್ನು ನಾಲಿಗೆಯ ತುದಿಯಷ್ಟು ಬೇಗ ಮತ್ತಾವ ಉಪಕರಣವೂ ಹೇಳುವುದಿಲ್ಲ. ಎಣ್ಣೆ ಕಾಸ್ಟಿಕ್ಕನ್ನೆಲ್ಲ ಕುಡಿದಿದ್ದರೆ ಬರೀ ಸಾಬೂನಿನ ಸಪ್ಪೆ ರುಚಿ. ಸ್ವಲ್ಪ ಉಳಿದಿದ್ದರೆ ಚುರ್ ಎನ್ನುತ್ತದೆ. ಗಡಹಿಂಗ್ಲಜದ ಒಂದು ಗೋಡೌನಿನಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬಳ ಮೂರನೆಯ ಸಲದ ಸಾಬೂನಿಗೆ ನಾಲಿಗೆ ತಾಗಿಸಿದಾಗ ಚುರ್ ಎನ್ನಲಿಲ್ಲ, ಕರೆಂಟು ಹೊಡೆದು ನೆತ್ತಿಗೇರಿತು. ತಂಬಿಗೆಗಟ್ಟಲೆ ನೀರು ಮುಕ್ಕಳಿಸಿ ಉಗುಳಿದರೂ ಉರಿ ಇಳಿಯಲಿಲ್ಲ. ಅಯ್ಯೋ ಶಿವನೇ, ಇದು ಹೇಗೆ ಸಾಧ್ಯ ಎಂದು ಬಾಯಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಮೊದಲಿನಿಂದಲೇ ಹೇಳುತ್ತೇನೆ. ನನ್ನ ಮನೆ ಇಚಲಕರಂಜಿಯಲ್ಲಿ. ಹೆಣ್ಣುಮಕ್ಕಳಿಗೆ ಸಾಬೂನು ಮಾಡುವುದನ್ನು ಕಲಿಸಿ, ಅದನ್ನೇ ಅವರ ಜೀವನಕ್ಕೆ ಒಂದು ದಾರಿ ಮಾಡಿಕೊಡಬೇಕೆಂದು ಕೊಲ್ಲಾಪುರದ ಒಂದು ಸಂಸ್ಥೆ ನನ್ನನ್ನು ಗಡಹಿಂಗ್ಲಜಕ್ಕೆ ಕಳಿಸುತ್ತಿತ್ತು. ಅಲ್ಲಿನ ಹೆಂಗಸರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಆದರೆ ಮನೆಮಾತು ಕನ್ನಡ. ಬೈಗುಳ ಕನ್ನಡದಲ್ಲೇ ಬಿದ್ದರೆ ಕೆಲಸ ಬೇಗ ಕಲಿಯುತ್ತಾರೆ. ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವಳಲ್ಲ.

ಕಲಿಸಲು ಜಾಗ ಕೊಟ್ಟವರು ಪೇಟೆಯ ಹಳೆಯ ಕಿರಾಣಿ ಮನೆತನದ ಸೊಸೆ. ಐವತ್ತು ದಾಟಿದವರು, ಹಣೆಗೆ ಅಗಲವಾಗಿ ವಿಭೂತಿ, ಕೈಯಲ್ಲಿ ಸದಾ ಏನಾದರೊಂದು ಕೆಲಸ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು, ಕಲಿಸುವವಳಾದ ನನ್ನನ್ನು ಬಾಯಾರು. ಅಂಗಡಿಯ ಹಿಂದಿನ ಗೋಡೌನನ್ನು ಅವರೇ ಕಸ ಹೊಡೆಸಿ ಬಿಟ್ಟುಕೊಟ್ಟರು. ಮೊದಲು ಅಲ್ಲಿ ಒಣಮೆಣಸಿನಕಾಯಿ ತುಂಬುತ್ತಿದ್ದರಂತೆ. ಮೊದಲ ದಿನ ನಾನು "ಎಲ್ಲಾರಿಗೂ ನಮಸ್ಕಾರ್ರಿ" ಎನ್ನುವಷ್ಟರಲ್ಲಿ ಹತ್ತು ಸಲ ಸೀನಿದ್ದೆ. ಹೆಂಗಸರೂ ಸೀನಿದರು. ಪಾಠ ಶುರುವಾದದ್ದೇ ಹಾಗೆ.

ಸಂಸ್ಥೆಯವರು ಒಂದು ಮಾತು ಕೊಟ್ಟಿದ್ದರು. ತರಬೇತಿ ಮುಗಿದ ಮೇಲೆ ಆ ಗೋಡೌನಿನಲ್ಲೇ ಒಂದು ಸಣ್ಣ ಸಾಬೂನಿನ ಘಟಕ ನಡೆಸುತ್ತೇವೆ, ಚೆನ್ನಾಗಿ ಕಲಿತ ಒಬ್ಬಳನ್ನು ಅಲ್ಲಿ ಮುಖ್ಯ ಕೆಲಸಗಾರ್ತಿಯಾಗಿ ಇಟ್ಟುಕೊಳ್ಳುತ್ತೇವೆ, ವರ್ಷಪೂರ್ತಿ ಕೆಲಸ. ಉಳಿದವರಿಗೆ ಅದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಮನೆಯಲ್ಲಿ ಅಂಗಡಿಯೋ ಹೊಲವೋ ಹೊಲಿಗೆ ಮಷೀನೋ ಇದ್ದೇ ಇತ್ತು. ಬೇಕೇ ಬೇಕಾಗಿದ್ದವಳು ಒಬ್ಬಳು. ಅವಳು ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ಮಗ್ಗದ ಲಾಳಿಗೆ ಕೂರಿಸುವ ಕಾಂಡಿಗಳಿಗೆ ನೂಲು ಸುತ್ತುತ್ತಿದ್ದವಳು. ಮಾಲೀಕ ಹಳೆಯ ಮಗ್ಗ ಮಾರಿ ಕಾಂಡಿಯೇ ಬೇಡದ ಹೊಸ ಮಗ್ಗ ತಂದ. ಇವಳು ಗಂಡ, ಮಗಳನ್ನು ಕಟ್ಟಿಕೊಂಡು ಗಡಹಿಂಗ್ಲಜದ ತವರಿಗೆ ಬಂದಳು. ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದಿನ ಬೌದ್ಧವಾಡಿಯಲ್ಲಿ, ಅಂದರೆ ದಲಿತರ ಕೇರಿಯಲ್ಲಿ, ಮನೆ. ಗಂಡ ಪೇಟೆಯಲ್ಲಿ ಹಮಾಲಿ.

"ಈ ಕೆಲಸ ಸಿಗಲಿಲ್ಲಂದ್ರ ಕಬ್ಬ ಕಡಿಯೋ ಟೋಳಿ ಜೋಡಿ ಹೋಗಬೇಕ್ರಿ ಬಾಯಾರ," ಎಂದು ಮೊದಲ ವಾರವೇ ನನಗೆ ಹೇಳಿದ್ದಳು. "ಹೋದ್ರ ಮಗಳ ಸಾಲಿ ಬಿಡಿಸಬೇಕಾಕ್ಕೈತಿ. ಅಕಿ ಏಳನೇತ್ತಾ ಅದಾಳ. ಭಾಳ ಶ್ಯಾಣ್ಯಾ ಅದಾಳ್ರಿ."

ನಾನು ಕಲಿಸುವ ವಿಧಾನ ಸರಳ. ಎಣ್ಣೆ ತೂಗು, ಬೆಚ್ಚಗೆ ಮಾಡು. ಕಾಸ್ಟಿಕ್ ತೂಗು, ಅದನ್ನು ನೀರಿಗೆ ಹಾಕು. ಕಾಸ್ಟಿಕ್ ಮೇಲೆ ನೀರು ಸುರಿದೆಯೋ, ಮುಖಕ್ಕೆ ಸಿಡಿಯುತ್ತದೆ. ಜರ್ಮನ್ ಪಾತ್ರೆ ಮುಟ್ಟಬೇಡ, ಅಲ್ಯೂಮಿನಿಯಮ್ಮನ್ನು ಕಾಸ್ಟಿಕ್ ತಿಂದುಬಿಡುತ್ತದೆ, ಸ್ಟೀಲೇ ಇರಲಿ. ಎರಡೂ ಒಂದೇ ಬಿಸಿಗೆ ಬಂದಾಗ ಕೂಡಿಸಿ ತಿರುವು. ಝುಣಕದ ಹಿಟ್ಟಿನ ಹಾಗೆ ದಪ್ಪಗಾಗಿ, ಸೌಟಿನಿಂದ ಎಳೆದ ಗೆರೆ ಮೇಲೆ ಹಾಗೇ ನಿಂತರೆ ಹದ ಬಂತು. ಅಚ್ಚಿಗೆ ಸುರಿ, ಗೋಣಿ ಹೊದಿಸು, ಮರುದಿನ ಕೊಯ್ದು ಗಾಳಿಗಿಡು. ಭಜಿ ಕರಿಯುವಾಗ ಒಂದು ಸಲಕ್ಕೆ ತೆಗೆದದ್ದಕ್ಕೆ ನಮ್ಮ ಕಡೆ ಘಾಣ ಎನ್ನುತ್ತಾರೆ. ಇವರು ಸಾಬೂನಿಗೂ ಅದೇ ಹೆಸರಿಟ್ಟರು. ದಿನಕ್ಕೊಬ್ಬಳ ಘಾಣ.

ಕಾಸ್ಟಿಕ್ಕಿನ ಡಬ್ಬಿಯನ್ನು ಮಾತ್ರ ಎಲ್ಲರ ಕೈಗೂ ಕೊಡಲಿಲ್ಲ. "ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ಇದು ಸಕ್ಕರಿ ಹಂಗ ಕಾಣತೈತಿ, ಎಲುಬಿಗೆ ಇಳೀತೈತಿ" ಎಂದು ಹೆದರಿಸಿ, ತೂಗುವ ಕೆಲಸ ಅಕ್ಕಾರಿಗೆ ಒಪ್ಪಿಸಿದೆ. ಇಲೆಕ್ಟ್ರಾನಿಕ್ ಕಾಟಾ ಅವರ ಅಂಗಡಿಯದೇ. ಮದುವೆಯಾಗಿ ಬಂದಂದಿನಿಂದ ತೂಗಿದವರು, ಕೈ ನಡುಗುವುದಿಲ್ಲ. ಕೈಗವಸು ತೊಟ್ಟು, ಕಾಟಾದ ಮೇಲೆ ಸ್ಟೀಲ್ ಬೋಗುಣಿ ಇಟ್ಟು ಹಾಕುತ್ತಿದ್ದರು. ಅಂಕಿ ನಿಂತ ಮೇಲೆ ನಾನು ನೋಡಿ ಹೂಂ ಎನ್ನುತ್ತಿದ್ದೆ, ಮತ್ತೆ ಒಲೆಯ ಮೇಲಿನ ಎಣ್ಣೆಯ ಕಡೆ ತಿರುಗುತ್ತಿದ್ದೆ. ಅಕ್ಕಾರು ಬೋಗುಣಿ ಎತ್ತಿ, ಕಿಟಕಿಯ ಹತ್ತಿರ ನೀರಿನ ಬಕೆಟ್ಟಿನ ಮುಂದೆ ನಿಂತ ಆ ದಿನದ ಘಾಣದವಳ ಕೈಗೆ ಕೊಡುತ್ತಿದ್ದರು. ಇಷ್ಟೇ. ಇದರಲ್ಲಿ ತಪ್ಪಲು ಏನಿದೆ ಹೇಳಿ?

ಕಾಂಡಿಯವಳೊಬ್ಬಳನ್ನು ಬಿಟ್ಟು ಎಲ್ಲರ ಘಾಣವೂ ಚೆನ್ನಾಗಿ ಬಂತು. ಹೊಲಿಗೆ ಕೆಲಸದ ಒಬ್ಬಳಿದ್ದಳು, ಕತ್ತರಿಗಿಂತ ಬಾಯಿಯೇ ಹರಿತ. ಅವಳ ಸಾಬೂನಂತೂ ಬೆಣ್ಣೆಯ ಹಾಗೆ ಕೊಯ್ದಿತು. ಕಾಂಡಿಯವಳದು ಕೊಯ್ಯಲು ಹೋದರೆ ಸುಣ್ಣದ ಗೋಡೆಯಂತೆ ಪುಡಿಪುಡಿ. ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ಉಳಿದವರು ಬರಿಗೈಯಲ್ಲಿ ಕೊಯ್ದಿದ್ದನ್ನು ನೋಡಿ ಇವಳೂ ಬರಿಗೈಯಲ್ಲೇ ಕೊಯ್ದಳು. ಸಂಜೆಯ ಹೊತ್ತಿಗೆ ಬೆರಳ ತುದಿಗಳು ಕೆಂಪಗಾಗಿ ಚರ್ಮ ಏಳುತ್ತಿತ್ತು. ನಾನು ಕೂಗಾಡಿ, ನಳದ ಕೆಳಗೆ ಕೈ ಹಿಡಿಸಿ ಬಹಳ ಹೊತ್ತು ನೀರು ಬಿಟ್ಟೆ. ಅಕ್ಕಾರು ಮನೆಯೊಳಗಿಂದ ಕೊಬ್ಬರಿ ಎಣ್ಣೆ ತಂದು ಒಂದೊಂದೇ ಬೆರಳಿಗೆ ಹಚ್ಚಿದರು.

"ಇರ್ಲಿ ಬಿಡವ್ವಾ, ಕಲಿಯೂತನಕ ಇರೂದ," ಎಂದರು.

ಎರಡನೆಯ ಸಲ ನಾನು ಎಣ್ಣೆ ಬದಲಿಸಿದೆ. ಕಾಸ್ಟಿಕ್ಕಿನ ಹೊಸ ಡಬ್ಬಿ ಒಡೆಸಿದೆ. ಮತ್ತೆ ಅದೇ ಪುಡಿ, ಅದೇ ಬಿಳಿ. ಬೋರಿನ ನೀರು ಗಡಸು ಇರಬಹುದೆಂದು ಮೂರನೆಯ ಸಲ ಫಿಲ್ಟರ್ ನೀರು ತರಿಸಿದೆ. ಕಾಟಾದ ಮೇಲೆ ಅಂಗಡಿಯ ತೂಕದ ಕಲ್ಲು ಇಟ್ಟು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಥರ್ಮಾಮೀಟರ್ ಬದಲಿಸಿದೆ, ಅಚ್ಚು ಬದಲಿಸಿದೆ. ಇನ್ನು ಬದಲಿಸಲು ನನ್ನ ತಲೆಯೊಂದೇ ಉಳಿದಿತ್ತು. ಆ ಮೂರನೆಯದಕ್ಕೇ ನಾಲಿಗೆ ಸುಟ್ಟುಕೊಂಡದ್ದು.

ನಾನು ಮುಕ್ಕಳಿಸುತ್ತಿರುವಾಗಲೇ ಹೊಲಿಗೆಯವಳು ಬಾಯಿ ಬಿಟ್ಟಳು. "ಬಾಯಾರ, ಸಿಟ್ಟಾಗಬ್ಯಾಡ್ರಿ. ಎಣ್ಣಿ ಬದಲಿ ಮಾಡಿದ್ರಿ, ನೀರ ಬದಲಿ ಮಾಡಿದ್ರಿ. ನಮ್ದೆಲ್ಲಾ ಬರೋಬರಿ ಬರತೈತಿ, ಇಕಿದಷ್ಟ ಕೆಡತೈತಿ. ಇಕಿ ಕೈಗುಣ ಸರಿ ಇಲ್ರಿ."

"ನಾ ನೀವು ಹೇಳಿಧಂಗ ಮಾಡೇನ್ರಿ. ಪಾತ್ರೆದಾಗರ ಏನರ ಇತ್ತೇನೋ," ಎಂದಳು ಕಾಂಡಿಯವಳು, ಸಣ್ಣ ದನಿಯಲ್ಲಿ.

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ!" ಎಂದಳು ಹೊಲಿಗೆಯವಳು. "ಕೆಲವರ ಕೈ ಹತ್ತಿದ್ರ ಉಪ್ಪಿನಕಾಯಿಗೂ ಹುಳಾ ಬೀಳತಾವ. ಇನ್ನ ಮ್ಯಾಲ ಇಕಿ ಬ್ಯಾರೆ ಪಾತ್ರೆ ಇಟಗೊಳ್ಳಲಿ ಬಾಯಾರ. ನಮ್ಮ ಪಾತ್ರೆ ಮುಟ್ಟೂದ ಬ್ಯಾಡ."

ಕೈಗುಣದಿಂದ ಶುರುವಾದ ಮಾತು ಪಾತ್ರೆಗೆ ಬಂದು ನಿಂತ ವೇಗ ನೋಡಿ ದಂಗಾದೆ. ಯಾವ ಪಾತ್ರೆ, ಯಾಕೆ ಮುಟ್ಟಬಾರದು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟು ದಿನ ಒಂದೇ ಕೆಟಲಿನ ಚಹಾ ಕುಡಿದವರು ಇವರೇ. ನನ್ನ ಮೈ ಉರಿದುಹೋಯಿತು. ಸುಟ್ಟ ನಾಲಿಗೆಯಲ್ಲೇ ಅವಳಿಗೆ ನಾಲ್ಕು ಮಾತು ಬಿಗಿದೆ. ಉಳಿದವರು ಹೊಲಿಗೆಯವಳ ಮಾತಿಗೆ ಹೌದೆನ್ನುವ ಹಾಗೆ ನೆಲ ನೋಡುತ್ತ ನಿಂತರು. ಕಾಂಡಿಯವಳ ಪರವಾಗಿ ಮಾತಾಡಿದವರು ಅಕ್ಕಾರು ಒಬ್ಬರೇ.

"ಅಕಿಗೆ ಇನ್ನೊಂದ ಸಲ ಕೊಡ್ರಿ ಬಾಯಾರ. ಪಾಪ, ಬಡವಿ. ಅಕಿ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಕೊಲ್ಲಾಪುರದಿಂದ ಸಂಸ್ಥೆಯ ಸಾಹೇಬರ ಫೋನು ಬಂತು. ಬರುವ ವಾರ ತಾವೇ ಬರುತ್ತಾರಂತೆ. ಎಲ್ಲರ ಸಾಬೂನನ್ನೂ ಪರೀಕ್ಷೆ ಮಾಡಿ ಒಬ್ಬಳ ಹೆಸರು ಹೇಳಿ ಹೋಗುತ್ತಾರೆ. ಮೂರು ಸಲ ಕೆಟ್ಟ ಹೆಂಗಸಿನ ಸಂಗತಿ ಅವರ ಕಿವಿಗೂ ಮುಟ್ಟಿತ್ತು. ನಾಲ್ಕನೆಯದೂ ಕೆಟ್ಟರೆ ಅವಳ ಹೆಸರನ್ನು ತೆಗೆದುಬಿಡಿ ಎಂದರು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಹಾಗಾಗಿ ಜಗಳ ಮಾಡುವುದಕ್ಕೂ ನನಗೆ ಜಾಗ ಸಿಗಲಿಲ್ಲ.

ಇಚಲಕರಂಜಿಗೆ ಮರಳುವ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಅವಳ ಘಾಣವನ್ನು ನಾನೇ ಮಾಡಿಬಿಟ್ಟರೆ? ತೂಗುವುದರಿಂದ ಅಚ್ಚಿಗೆ ಸುರಿಯುವವರೆಗೆ ನನ್ನ ಕೈಯಲ್ಲೇ ಆಗಲಿ, ಹೆಸರು ಅವಳದಿರಲಿ. ಅವಳಿಗೆ ಕೆಲಸ ಸಿಗುತ್ತದೆ, ಸಾಹೇಬರಿಗೆ ಗೊತ್ತೂ ಆಗುವುದಿಲ್ಲ. ಬಸ್ಸು ಕಾಗಲ ಮುಟ್ಟುವವರೆಗೂ ಇದೇ ಸರಿ ಎಂದುಕೊಂಡಿದ್ದೆ. ಆಮೇಲೆ ಹೊಳೆಯಿತು: ಘಟಕ ಶುರುವಾದ ಮೇಲೆ ಐದನೆಯ ಘಾಣವನ್ನು ಯಾರು ಮಾಡುತ್ತಾರೆ? ಮತ್ತೆ ಕೆಡುತ್ತದೆ, ಆಗ ಪಾತ್ರೆಯ ಮಾತಿಗೆ ಊರೆಲ್ಲ ಹೌದೆನ್ನುತ್ತದೆ. ಏನನ್ನೂ ಬದಲಿಸಬಾರದು ಎಂದು ತೀರ್ಮಾನಿಸಿದೆ. ಅದೇ ಎಣ್ಣೆ, ಅದೇ ಕಾಟಾ, ಅವರವರ ಜಾಗದಲ್ಲಿ ಅವರವರು. ಒಲೆಯ ಹತ್ತಿರ ಬೇರೆಯವಳು ನಿಲ್ಲಲಿ. ನಾನು ಕೈಯನ್ನೂ ಬಾಯಿಯನ್ನೂ ಕಟ್ಟಿಕೊಂಡು ಬರೀ ನೋಡಬೇಕು. ಬಾಯಿ ಕಟ್ಟಿಕೊಳ್ಳುವುದೇ ನನಗೆ ಕಷ್ಟದ ಭಾಗ.

ಆ ದಿನ ಬೆಳಿಗ್ಗೆ ಗೋಡೆಗೆ ಒರಗಿದ ಚೀಲದ ಮೇಲೆ ಕೂತೆ. ಒಲೆಗೆ ಹೊಲಿಗೆಯವಳನ್ನು ನಿಲ್ಲಿಸಿದೆ, ಮುಖ ಸಿಂಡರಿಸಿಕೊಂಡೇ ನಿಂತಳು. ಕಾಂಡಿಯವಳು ಬಕೆಟ್ಟಿನ ಮುಂದೆ. ಬೆರಳುಗಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿ, ಮೇಲೆ ಕೈಗವಸು ಹಾಕಿಕೊಂಡಿದ್ದಳು. ಎಣ್ಣೆ ತೂಗಿದರು, ಸರಿ. ನೀರು ತೂಗಿದರು, ಸರಿ. ಅಕ್ಕಾರು ಕಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು, ಧಾನ್ಯ ಅಳೆಯುವಾಗಿನ ರೂಢಿಯಂತೆ ಮೊದಲ ಸೌಟಿಗೆ "ಲಾಭ" ಎಂದರು. ಅಂಕಿ ಏರುತ್ತ ಬಂದು ಎಲ್ಲಿ ನಿಲ್ಲಬೇಕೋ ಅಲ್ಲಿಗೆ ನಿಂತಿತು. ನಾನು ಕೂತಲ್ಲಿಂದಲೇ ಹೂಂ ಎಂದೆ. ಅಕ್ಕಾರು ಎಡಗೈಯಲ್ಲಿ ಬೋಗುಣಿಯನ್ನು ಕಾಟಾದಿಂದ ಎತ್ತಿದರು. ಕಿಟಕಿಯ ಕಡೆ ತಿರುಗಿದರು. ತಿರುಗುತ್ತಿರುವಾಗಲೇ ಅವರ ಬಲಗೈ ತನ್ನಷ್ಟಕ್ಕೆ ತಾನು ಡಬ್ಬಿಯೊಳಗೆ ಹೋಗಿ, ಒಂದು ಹಿಡಿ ತುಂಬಿಕೊಂಡು ಬಂದು, ಬೋಗುಣಿಗೆ ಸುರಿಯಿತು.

ಕಣ್ಣಾರೆ ಕಂಡದ್ದನ್ನು ನಂಬಲು ಒಂದು ಕ್ಷಣ ಬೇಕಾಯಿತು. "ನಿಂದರ್ರೀ!" ಎಂದು ಚೀರಿದೆ. ಒಲೆಯ ಹತ್ತಿರದವಳ ಕೈಯಿಂದ ಸೌಟು ಬಿತ್ತು.

"ಏನಾತ್ರಿ ಬಾಯಾರ?" ಅಕ್ಕಾರು ಬೋಗುಣಿ ಹಿಡಿದು ಹಾಗೇ ನಿಂತಿದ್ದರು.

"ಏನ ಹಾಕಿದ್ರಿ ಅದರಾಗ?"

"ಏನ ಹಾಕಿದ್ನಿ? ಕೊಸರ ಹಾಕಿದ್ನಿ," ಎಂದರು, ಇದನ್ನೂ ಕೇಳುತ್ತಾರೆಯೇ ಎನ್ನುವ ಮುಖದಲ್ಲಿ.

ಕೊಸರು. ಪೇಟೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ತೂಕ ಸರಿಯಾದ ಮೇಲೆ, ತಕ್ಕಡಿಯಿಂದ ಇಳಿಸಿ ಗಿರಾಕಿಯ ಚೀಲಕ್ಕೆ ಹಾಕುವಾಗ, ಮೇಲೊಂದು ಹಿಡಿ ಪುಕ್ಕಟೆ. ತೂಕದೊಳಗೆ ಅದು ಬರುವುದೇ ಇಲ್ಲ. ನಾನು ಬೋಗುಣಿ ಇಸಿದುಕೊಂಡು ಮತ್ತೆ ಕಾಟಾದ ಮೇಲಿಟ್ಟೆ. ಅಂಕಿ ಮೇಲೆ ಜಿಗಿದು ನಿಂತಿತು. ಎಲ್ಲರೂ ಬಂದು ಬಗ್ಗಿ ನೋಡಿದರು. ಎಣ್ಣೆ ಎಷ್ಟು ಕುಡಿಯಬಲ್ಲದೋ ಅದಕ್ಕಿಂತ ಒಂದು ಹಿಡಿ ಹೆಚ್ಚು. ಅದೇ ಆ ಬಿಳಿ ಪುಡಿ, ಅದೇ ನನ್ನ ನಾಲಿಗೆಯ ಕರೆಂಟು, ಅದೇ ಅವಳ ಬೆರಳು.

"ಎಲ್ಲಾರಿಗೂ ಹಿಂಗ ಹಾಕಿರೇನು?" ಎಂದು ಕೇಳಿದೆ.

"ಇಲ್ರಿ. ಉಳದಾರೆಲ್ಲಾ ಅನುಕೂಲ ಇದ್ದವರು, ಅವರಿಗ್ಯಾಕ? ನಮ್ಮ ಮಾವನ್ನೋರು ಹೇಳತಿದ್ರು, ಬಡವರ ಚೀಲಾ ಕೊಸರ ಇಲ್ಲದ ಕಟ್ಟಬಾರದು ಅಂತ. ಅಕಿಗೆ ಸಾಬೂನ ನಾಕ ಹೆಚ್ಚಿಗಿ ಆಗ್ಲಿ ಅಂತ..." ಅಲ್ಲಿಗೆ ಅವರ ಮಾತು ನಿಂತಿತು. ಕಣ್ಣು ಕಾಂಡಿಯವಳ ಚಿಂದಿ ಸುತ್ತಿದ ಬೆರಳುಗಳ ಮೇಲೆ ಹೋಯಿತು.

ಬೈಯಲೆಂದು ತೆರೆದ ನನ್ನ ಬಾಯಿ ತೆರೆದೇ ಉಳಿಯಿತು. ಯಾರನ್ನು ಬೈಯಲಿ? ಮೋಸ ಇದ್ದಿದ್ದರೆ ಜನ್ಮ ಜಾಲಾಡುತ್ತಿದ್ದೆ. ಅಲಕ್ಷ್ಯ ಇದ್ದಿದ್ದರೂ ಬಿಡುತ್ತಿರಲಿಲ್ಲ. ಈ ಹೆಂಗಸು ಕರುಣೆಯಿಂದ ಅವಳ ಬೆರಳು ಸುಟ್ಟಿದ್ದರು, ಆಮೇಲೆ ಕರುಣೆಯಿಂದಲೇ ಎಣ್ಣೆ ಹಚ್ಚಿದ್ದರು. ಇಂಥದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ.

ಅಕ್ಕಾರು ಕೈಗವಸು ಕಳಚಿದರು. ಗೋಡೆ ಹಿಡಿದು ನೆಲಕ್ಕೆ ಕೂತರು. ವಯಸ್ಸಾದ ಮುಖ ಆ ಗಳಿಗೆಯಲ್ಲಿ ಇನ್ನೂ ಹತ್ತು ವರ್ಷ ಮುದಿಯಾದಂತೆ ಕಂಡಿತು. ಆಮೇಲೆ ಹೊಲಿಗೆಯವಳನ್ನು ಹೆಸರು ಹಿಡಿದು ಕರೆದು, ತಮ್ಮ ಬಲಗೈ ಮುಂದೆ ಚಾಚಿದರು.

"ಕೈಗುಣ ಅಂದಿ ಅಲ್ಲಾ. ನೋಡಿಲ್ಲೆ. ಈ ಕೈದು."

ಹೊಲಿಗೆಯವಳು ಬಗ್ಗಿ ಸೌಟು ಎತ್ತಿಕೊಂಡು, ಅದನ್ನು ತೊಳೆಯಲೆಂದು ಹೊರಗೆ ಹೋದಳು. ಬರುವಾಗ ಕಾಂಡಿಯವಳ ಹತ್ತಿರ ನಿಂತು, "ಎಣ್ಣಿ ಆರಾಕತ್ತೈತಿ, ಲಗೂನ ಮಾಡು," ಎಂದಳು. ತಪ್ಪಾಯಿತು ಎನ್ನುವ ಮಾತು ಅವಳಿಗೆ ಹುಟ್ಟಿನಿಂದಲೇ ಬಂದಿರಲಿಕ್ಕಿಲ್ಲ. ಅಂದು ಹೆಚ್ಚಿನ ಹಿಡಿಯನ್ನು ತೆಗೆಸಿ, ಅಂಕಿ ಸರಿಮಾಡಿ, ಘಾಣ ಮುಗಿಸಿದೆವು. ಹದ ಬಂದಾಗ ಕಾಂಡಿಯವಳು ಸೌಟಿನಿಂದ ಎಳೆದ ಗೆರೆ ಮೇಲೆಯೇ ನಿಂತಿತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಮರುದಿನ ಕೊಯ್ದಾಗ ಒಂದು ಚೂರೂ ಪುಡಿಯಾಗಲಿಲ್ಲ. ಹಳೆಯ ಮೂರು ಘಾಣಗಳನ್ನು ನಾನು ಬೇರೆ ಡ್ರಮ್ಮಿಗೆ ಹಾಕಿ ಬೀಗ ಹಾಕಿಸಿದೆ, ಯಾರಾದರೂ ಮನೆಗೆ ಒಯ್ದಾರೆಂಬ ಭಯ.

ಸಾಹೇಬರು ಹೇಳಿದ ದಿನವೇ ಬಂದರು. ಪ್ರತಿಯೊಬ್ಬಳ ಸಾಬೂನಿನ ಮೇಲೂ ಬಾಟಲಿಯಿಂದ ಪರೀಕ್ಷೆಯ ದ್ರಾವಣದ ಒಂದೊಂದು ಹನಿ ಬಿಟ್ಟರು. ಕಾಸ್ಟಿಕ್ ಉಳಿದಿದ್ದರೆ ಹನಿ ಕಡುಗುಲಾಬಿ ಆಗುತ್ತದೆ. ಕಾಂಡಿಯವಳ ಸಾಬೂನಿನ ಮೇಲೆ ಬಿಟ್ಟಾಗ ನಾನು ಬಗ್ಗಿ ನೋಡಿದೆ. ಹನಿ ನೀರಿನಂತೆಯೇ ಉಳಿಯಿತು. ನಡೆದದ್ದನ್ನೆಲ್ಲ ಅಕ್ಕಾರೇ ಅವರ ಮುಂದೆ ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಬೆರಳು ಸುಟ್ಟ ಮೇಲೂ ನಾಲ್ಕನೆಯ ಸಲ ಬಕೆಟ್ಟಿನ ಮುಂದೆ ಬಂದು ನಿಂತವಳು ಇವಳು, ಘಟಕ ಯಾರ ಕೈಗೆ ಕೊಡಬೇಕೆಂದು ನನ್ನನ್ನು ಕೇಳಿದರೆ ಇವಳ ಕೈಗೇ ಎಂದು ನಾನೂ ಹೇಳಿದೆ. ಸಾಹೇಬರು ತಲೆದೂಗಿ ಮರಾಠಿಯಲ್ಲಿ "ಹಿಲಾಚ ಘ್ಯಾ" ಎಂದರು. ಇವಳನ್ನೇ ತೆಗೆದುಕೊಳ್ಳಿ. ಕಾಂಡಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಮಧ್ಯಾಹ್ನ ಅವಳು ನನ್ನ ಚೀಲ ಹೊತ್ತುಕೊಂಡು ಸ್ಟ್ಯಾಂಡಿನವರೆಗೆ ಬಂದಳು. ಮನೆಗೆ ದಾರಿ ಅದೇ ಎಂದಳು. ಮಗಳಿಗೆ ಇನ್ನೂ ಹೇಳಿಲ್ಲ, ಸಾಲಿಯಿಂದ ಬಂದ ಮೇಲೆ ಹೇಳುತ್ತೇನೆ ಎಂದು ನಕ್ಕಳು. ನನಗೆ ಮಾತ್ರ ಒಂದು ಪ್ರಶ್ನೆ ವಾರದಿಂದ ಕೊರೆಯುತ್ತಿತ್ತು. ನಾನೇನೋ ಬೆನ್ನು ತಿರುಗಿಸಿದ್ದೆ. ಆದರೆ ಬೋಗುಣಿ ಬಂದದ್ದು ಇವಳ ಕೈಗೆ, ಕೊಸರು ಬಿದ್ದದ್ದು ಇವಳ ಕಣ್ಣ ಮುಂದೆ.

"ಖರೇ ಹೇಳು. ಅಕ್ಕಾರು ಮ್ಯಾಲ ಹಾಕೂದ ನೀ ನೋಡಿದ್ದಿಲ್ಲಾ?"

"ನೋಡಿದ್ನಿರಿ. ಪೈಲೆ ಸಲಾನ, ಮೊದಲನೇ ಘಾಣಕ್ಕ ನೋಡಿದ್ನಿ."

ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ.

"ನೋಡಿದ್ದೇನು? ಬೆರಳ ಸುಟ್ಟಾವ, ಕೆಲಸಾ ಹೋಗಾಕತ್ತೈತಿ, ಮಂದಿ ಬಾಯಿಗೆ ಬಂಧಂಗ ಅಂತಾರ, ನೀ ನೋಡಿ ಸುಮ್ಮ ನಿಂತಿ? ಹುಚ್ಚಿ ಅದಿ ಏನ?"

"ಮೊದ್ಲ ಅದರಿಂದ ಕೆಡತೈತಿ ಅಂತ ಗೊತ್ತಿರಲಿಲ್ರಿ. ಹೆಚ್ಚಿಗಿ ಕೊಟ್ರ ಕೆಡತೈತಿ ಅಂತ ಯಾರಿಗರ ಹೊಳೀತೈತೇನ್ರಿ?" ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. "ಮೂರನೇ ಸಲಕ್ಕ ಸಂಶೇ ಬಂತು. ಹೇಳಬೇಕಂತ ಬಾಯಿತನಕ ಬಂದಿತ್ರಿ. ಆದ್ರ ಬಾಯಾರ, ನಾ ಸಣ್ಣಾಕಿ ಇದ್ದಾಗಿಂದ ಇದ ಪ್ಯಾಟಿಯೊಳಗ ಸಂತಿ ಮಾಡೇನಿ. ನಮ್ಮವ್ವನೂ ಮಾಡ್ಯಾಳ. ಅಂಗಡಿ ಕಟ್ಟಿ ಕೆಳಗ ನಿಂತು ಚೀಲಾ ಒಡ್ಡತಿದ್ವಿ, ಮ್ಯಾಲಿಂದ ಸುರೀತಿದ್ರು. ಒಬ್ಬರೂ ಒಂದ ಕಾಳ ಕೊಸರ ಹಾಕಿದ್ದಿಲ್ರಿ ನಮಗ. ಅಕ್ಕಾರು ಪೈಲೇದಾಕಿ. ಹ್ಯಾಂಗ ಬ್ಯಾಡ ಅನ್ನಲಿ?"

ಸಂಕೇಶ್ವರದ ಮೇಲೆ ಹೋಗುವ ನನ್ನ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಮರಾಠಿಯಲ್ಲಿ ಅವಸರ ಮಾಡುತ್ತಿದ್ದ. ನಾನು ಮೆಟ್ಟಿಲು ಹತ್ತಿದೆ, ಅವಳು ಚೀಲ ಮೇಲೆ ಕೊಟ್ಟಳು. ಕಿಟಕಿಯ ಹತ್ತಿರ ಬಂದು, ಏನೋ ಸಣ್ಣ ವಿಷಯ ಮರೆತವಳ ಹಾಗೆ ಕೇಳಿದಳು:

"ಇನ್ನ ಮ್ಯಾಲ ಅಕ್ಕಾರು ನನಗ ಕೊಸರ ಹಾಕೂದಿಲ್ಲ, ಅಲ್ಲೇನ್ರಿ?"